ಮನೆ ಕಾರಿನಲ್ಲಿ ಮೊದಲ ಟ್ರ್ಯಾಕ್ ಡೇ: ಮೈಸೂರಿನಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇವರೆಗೆ

ನಮ್ಮ ಕಾರ್ ಕ್ಲಬ್ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇನಲ್ಲಿ ನಡೆಸಿದ ಟ್ರ್ಯಾಕ್ ಡೇ ಮುಗಿಸಿ ಮೊನ್ನೆ ತಾನೆ ಮೈಸೂರಿಗೆ ವಾಪಸ್ ಬಂದೆ. ಟ್ರ್ಯಾಕ್ ಮೇಲೆ ಗಾಡಿ ಓಡಿಸಿದ್ದು ಒಟ್ಟು ಒಂದು ಗಂಟೆ ಇರಬಹುದು. ಅದಕ್ಕೆ ತಯಾರಾಗಲು ತಿಂಗಳುಗಟ್ಟಲೆ ಹಿಡಿಯಿತು. ತಯಾರಿ ಬಗ್ಗೆ ಹುಡುಕಿದಾಗ ಸಿಕ್ಕಿದ್ದೆಲ್ಲ ಎಕ್ಸಾಸ್ಟ್, ಏರ್ ಫಿಲ್ಟರ್, ಪವರ್ ಜಾಸ್ತಿ ಮಾಡೋದು ಹೇಗೆ ಅನ್ನೋ ಮಾತೇ. ನನ್ನನ್ನು ಕಾಡಿದ್ದು ಅವು ಯಾವುದೂ ಅಲ್ಲ. ಕಾಗದ ಪತ್ರ, ಬ್ರೇಕು, ಮತ್ತೆ ನಮ್ಮಪ್ಪನ ಒಪ್ಪಿಗೆ. ಮುಂದಿನ ಸಲ ಹೆಸರು ಕೊಡಬೇಕು ಅಂತ ಯೋಚನೆ ಮಾಡ್ತಿರೋರಿಗೆ ಅನುಕೂಲ ಆಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಯಾರು ಮೊದಲು ಬಂದರು ಅನ್ನೋ ಲೆಕ್ಕ ಇರುವುದಿಲ್ಲ, ಕಪ್ ಕೊಡುವುದಿಲ್ಲ. ಕ್ಲಬ್‌ನವರು ಇಡೀ ದಿನಕ್ಕೆ ಟ್ರ್ಯಾಕ್ ಬಾಡಿಗೆ ಹಿಡಿಯುತ್ತಾರೆ. ನಾವು ನಮ್ಮ ನಮ್ಮ ಕಾರಿನಲ್ಲಿ, ಗುಂಪು ಗುಂಪಾಗಿ, ಹದಿನೈದು ಹದಿನೈದು ನಿಮಿಷ ಓಡಿಸುತ್ತೇವೆ. ಸ್ಪರ್ಧೆ ಅಲ್ಲದ ಕಾರಣ ನನ್ನ ಹತ್ತಿರ ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಲೈಸೆನ್ಸ್ ಕೇಳಲಿಲ್ಲ. ಆ ಒಕ್ಕೂಟದ ಅಡಿಯಲ್ಲಿ ನಡೆಯುವ ರ‍್ಯಾಲಿ, ರೇಸ್‌ಗೆ ಹೋಗುವವರಿಗೆ ಅದು ಬೇಕೇ ಬೇಕು.

ಕರಿ ಟ್ರ್ಯಾಕ್ ಇರುವುದು ಕೊಯಮತ್ತೂರಿನ ಹೊರಗೆ, ಚೆಟ್ಟಿಪಾಳಯಂನಲ್ಲಿ. ಉದ್ದ ಸುಮಾರು 2.1 ಕಿ.ಮೀ. ಶುರುವಾಗಿದ್ದು 2003ರಲ್ಲಿ. ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ನೆನಪಿಗೆ ಆ ಹೆಸರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಚೆನ್ನೈ ಪಕ್ಕ ಇರುಂಗಾಟ್ಟುಕೋಟೈಯಲ್ಲಿರುವ ಟ್ರ್ಯಾಕ್ ಇದಕ್ಕಿಂತ ದೊಡ್ಡದು, 3.7 ಕಿ.ಮೀ. ಮೊದಲ ಸಲ ಹೋಗುವವರಿಗೆ ಕರಿಯೇ ಸರಿ ಅಂತ ನನ್ನ ಅಭಿಪ್ರಾಯ. ಸುತ್ತು ಚಿಕ್ಕದು, ಬೇಗ ಬಾಯಿಪಾಠ ಆಗುತ್ತದೆ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು.

ಹೆಸರು ಕೊಟ್ಟ ತಕ್ಷಣ ಜಾಗ ಸಿಗಲಿಲ್ಲ. ಹೊಸಬರ ಗುಂಪು ಭರ್ತಿಯಾಗಿತ್ತು, ನನ್ನನ್ನು ವೇಟಿಂಗ್ ಲಿಸ್ಟ್‌ಗೆ ಹಾಕಿದರು. ಅದು ಕನ್‌ಫರ್ಮ್ ಆಗಲಿ, ಆಮೇಲೆ ಕಾಗದ ಮಾಡಿಸೋಣ ಅಂತ ಕೂರಬೇಡಿ. ಹಣ ಕಟ್ಟಿ ಕಾಗದ ಪೂರ್ತಿ ಕೊಟ್ಟವರಿಗೇ ಜಾಗ. ಯಾರಾದರೂ ಬಿಟ್ಟರೆ ಮುಂದಿನವರಿಗೆ ಫೋನ್ ಬರುತ್ತದೆ, ಅವತ್ತೇ ಎಲ್ಲ ಕಳಿಸಬೇಕು. ನಾನು ಕಾಯುತ್ತಾ ಇದ್ದಾಗಲೇ ಒಂದೊಂದೇ ಮಾಡಿಸಲು ಶುರು ಮಾಡಿದೆ. ಹಾಗಾಗಿ ಜಾಗ ಉಳಿಯಿತು.

ಕೇಳಿದ್ದು ಇವು: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ರಕ್ತದ ಗುಂಪು, ತುರ್ತಿಗೆ ಮನೆಯವರ ಫೋನ್ ನಂಬರ್, ಡಾಕ್ಟರ್ ಸಹಿ ಮಾಡಿದ ಫಿಟ್‌ನೆಸ್ ಫಾರಂ, ಸ್ಟಾಂಪ್ ಪೇಪರ್ ಮೇಲೆ ಇಂಡೆಮ್ನಿಟಿ ಬಾಂಡ್. ಏನೇ ಆದರೂ ಅದು ನನ್ನ ಹೊಣೆ, ಕ್ಲಬ್ ಮೇಲೆ ದಾವೆ ಹೂಡಲ್ಲ ಅಂತ ಬರೆದುಕೊಡುವುದೇ ಬಾಂಡ್. ಕ್ಲಬ್‌ನವರೇ ನಮೂನೆ ಕೊಟ್ಟಿದ್ದರು. ಇ-ಸ್ಟಾಂಪ್ ತೆಗೆದುಕೊಂಡು, ಕೋರ್ಟ್ ಮುಂದೆ ಟೈಪ್ ಮಾಡಿಸಿ, ನೋಟರಿ ಹಾಕಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಆದರೆ ತೊಂದರೆ ಆಗಲಿಲ್ಲ.

ಫಿಟ್‌ನೆಸ್ ಫಾರಂ ಮಾತ್ರ ಓಡಾಡಿಸಿತು. ನಮ್ಮ ಬೀದಿಯ ಡಾಕ್ಟರ್ ಬಿಪಿ ನೋಡಿದರು, ಎದೆ ಬಡಿತ ಕೇಳಿದರು, ಸಹಿ ಮಾಡಲು ಪೆನ್ ತೆಗೆದರು. ಫಾರಂನಲ್ಲಿ ಬಣ್ಣ ಗುರುತಿಸುವ ಪರೀಕ್ಷೆಗೆ ಒಂದು ಕಾಲಂ ಇತ್ತು. ‘ಇದು ನನ್ನ ಹತ್ರ ಆಗಲ್ಲಪ್ಪ, ಕಣ್ಣಿನ ಡಾಕ್ಟರ್ ಹತ್ರ ಹೋಗಿ’ ಅಂದರು. ಅಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಒಳಗಿರುವ ಅಂಕಿ ಓದಿಸಿದರು. ಇದು ಸುಮ್ನೆ ಕೇಳುವುದಲ್ಲ. ಟ್ರ್ಯಾಕ್ ಮೇಲೆ ನಿಮಗೆ ಸಿಗುವ ಸಂದೇಶ ಎಲ್ಲ ಬಣ್ಣದ ಬಾವುಟದಲ್ಲೇ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದಿದ್ದರೆ ಅದು ಮೊದಲೇ ಗೊತ್ತಾಗಬೇಕು ಅಲ್ವಾ? ಫಾರಂ ಮೇಲೆ ಡಾಕ್ಟರ್ ಸೀಲ್ ಜೊತೆ ಅವರ ನೋಂದಣಿ ಸಂಖ್ಯೆಯೂ ಇರಲಿ. ಅದಿಲ್ಲದ ಫಾರಂಗಳು ವಾಪಸ್ ಬಂದಿದ್ದನ್ನು ನೋಡಿದೆ.

ಇನ್ನು ನಾನು ಎಣಿಸದೇ ಇದ್ದ ತೊಡಕು. ಕಾರು ನಮ್ಮಪ್ಪನ ಹೆಸರಲ್ಲಿದೆ. 2017ರ ಪೆಟ್ರೋಲ್ ಫೋಕ್ಸ್‌ವ್ಯಾಗನ್ ಪೋಲೋ. ಓಡಿಸುವುದು ನಾನು, ಸರ್ವಿಸ್ ಮಾಡಿಸುವುದು ನಾನು, ಆದರೆ ಆರ್‌ಸಿಯಲ್ಲಿ ಅಪ್ಪನ ಹೆಸರು. ಮಾಲೀಕರು ಒಪ್ಪಿಗೆ ಪತ್ರ ಕೊಡಬೇಕು ಅಂತ ಕ್ಲಬ್‌ನಿಂದ ಮೆಸೇಜ್ ಬಂತು. ಭಾನುವಾರ ತಿಂಡಿ ಆದ ಮೇಲೆ ಅಪ್ಪನ ಮುಂದೆ ಪತ್ರ ಇಟ್ಟೆ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಏನಾದ್ರೂ ಆದ್ರೆ ಇನ್ಶೂರೆನ್ಸ್ ಬರುತ್ತೇನೋ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಕೂತು ಪಾಲಿಸಿ ಓದಿದೆವು. ಗಾಡಿಯನ್ನು ಯಾವುದಕ್ಕೆ ಬಳಸಬಹುದು ಅನ್ನುವ ಜಾಗದಲ್ಲಿ ಸ್ಪಷ್ಟವಾಗಿ ಬರೆದಿದೆ: ಬಾಡಿಗೆ ಓಡಿಸುವುದು, ಸರಕು ಸಾಗಿಸುವುದು, ಸಂಘಟಿತ ರೇಸ್, ಪೇಸ್ ಮೇಕಿಂಗ್ (ಮುಂದೆ ಓಡಿ ಬೇರೆ ಗಾಡಿಗಳಿಗೆ ವೇಗ ಹಾಕಿಕೊಡುವುದು), ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತದೆ ಅಂತ ನೋಡುವ ಪರೀಕ್ಷೆ), ಇವುಗಳಿಗೆ ಪಾಲಿಸಿ ಅನ್ವಯಿಸುವುದಿಲ್ಲ. ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವ ಸಾಲುಗಳೇ ಇವು. ರೇಸ್ ಅಲ್ಲ ಅಂತ ನಾವು ಎಷ್ಟು ಹೇಳಿದರೂ, ಟ್ರ್ಯಾಕ್ ಮೇಲೆ ಗಾಡಿ ಗೋಡೆಗೆ ತಾಗಿದರೆ ಕ್ಲೇಮ್ ಸಿಗುತ್ತದೆ ಅಂತ ನಂಬಿ ಹೋಗಬಾರದು. ಆರೋಗ್ಯ ವಿಮೆ, ಅಪಘಾತ ವಿಮೆಗಳಲ್ಲೂ ಸಾಹಸ ಕ್ರೀಡೆ ಅನ್ನುವ ಹೆಸರಲ್ಲಿ ಕೆಲವನ್ನು ಹೊರಗಿಟ್ಟಿರುತ್ತಾರೆ. ಅದನ್ನೂ ತೆಗೆದು ಓದಿ.

ಅಪ್ಪ ಪತ್ರವನ್ನು ಟೀಪಾಯ್ ಮೇಲೆ ಇಟ್ಟು ಎದ್ದು ಹೋದರು. ಅದು ಅಲ್ಲೇ ಬಿದ್ದಿತ್ತು. ನಾನೂ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕಂದರೆ ಆ ದಿನಗಳಲ್ಲಿ ನನಗೂ ಭಯ ಶುರುವಾಗಿತ್ತು. ಬಂಪರ್ ಹೋದರೆ ಎಷ್ಟು, ರೇಡಿಯೇಟರ್ ಹೋದರೆ ಎಷ್ಟು ಅಂತ ಲೆಕ್ಕ ಹಾಕಿ, ಅಷ್ಟು ದುಡ್ಡನ್ನು ಬೇರೆ ತೆಗೆದಿಟ್ಟೆ. ಆಮೇಲೆ ಅಪ್ಪನಿಗೆ ಅದನ್ನು ತೋರಿಸಿದೆ. ‘ಯಾರನ್ನೂ ಹಿಂದೆ ಹಾಕಕ್ಕೆ ಹೋಗ್ಬೇಡ, ಕಲಿಯಕ್ಕೆ ಹೋಗ್ತಿದೀಯ ಅನ್ನೋದು ನೆನಪಿರಲಿ’ ಅಂತ ಹೇಳಿ ಸಹಿ ಮಾಡಿದರು. ಪತ್ರದಲ್ಲಿ ಗಾಡಿ ನಂಬರ್, ದಿನಾಂಕ, ಟ್ರ್ಯಾಕ್ ಹೆಸರು, ಓಡಿಸುವವರ ಹೆಸರು ಇರಬೇಕು. ಆಧಾರ್ ಪ್ರತಿಯನ್ನೂ ಕೇಳಿದರು. ಕಾರಿನ ಮೇಲೆ ಸಾಲ ಇದ್ದವರು ಸಾಲದ ಕರಾರನ್ನೂ ಒಂದು ಸಲ ನೋಡಿಕೊಳ್ಳಿ.

ಹೆಲ್ಮೆಟ್ ವಿಷಯಕ್ಕೆ ಬರುತ್ತೇನೆ. ಸ್ನೆಲ್ ಅನ್ನುವುದು ಹೆಲ್ಮೆಟ್‌ಗಳ ಒಂದು ಸುರಕ್ಷತಾ ಗುರುತು. ಕಾರಿಗೆ ಅಂತಲೇ ಮಾಡಿದ ಹೆಲ್ಮೆಟ್‌ಗಳ ಮೇಲೆ ‘ಸ್ನೆಲ್ ಎಸ್‌ಎ’ ಅಂತ ಇರುತ್ತದೆ. ಬೈಕಿನದ್ದಾದರೆ ‘ಸ್ನೆಲ್ ಎಂ’. ಎಸ್‌ಎಯಲ್ಲಿ ಬೆಂಕಿ ತಡೆಯುವ ಪರೀಕ್ಷೆಯೂ ಇರುತ್ತದೆ, ಎಂನಲ್ಲಿ ಇರುವುದಿಲ್ಲ. ಆದರೆ ಎಸ್‌ಎ ಬೆಲೆ ಕೇಳಿ ನನಗೆ ಕೈ ಕಟ್ಟಿ ಹೋಯಿತು. ಕ್ಲಬ್‌ಗೆ ಫೋನ್ ಮಾಡಿ ಕೇಳಿದಾಗ, ಈ ದಿನಕ್ಕೆ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಸಾಕು, ಹಾಫ್ ಫೇಸ್ ನಡೆಯಲ್ಲ ಅಂದರು. ಪ್ರತಿ ಕ್ಲಬ್‌ಗೂ ನಿಯಮ ಬೇರೆ. ಕೊಳ್ಳುವ ಮುಂಚೆ ಕೇಳಿ. ಹೆಲ್ಮೆಟ್ ಹಾಕಿಕೊಂಡು ನಿಮ್ಮದೇ ಕಾರಿನಲ್ಲಿ ಕೂತು ನೋಡಿ. ನನಗೆ ತಲೆ ಮೇಲೆ ರೂಫ್ ತಾಗುತ್ತಿತ್ತು, ಸೀಟನ್ನು ಪೂರ್ತಿ ಕೆಳಗೆ ಇಳಿಸಬೇಕಾಯಿತು. ಸೀಟ್ ಇಳಿದ ಮೇಲೆ ಸ್ಟಿಯರಿಂಗ್, ಪೆಡಲ್ ಎಲ್ಲದರ ಅಂದಾಜು ಬದಲಾಗುತ್ತದೆ. ಇದಕ್ಕೆ ಮನೆ ಹತ್ತಿರವೇ ಒಗ್ಗಿಕೊಳ್ಳುವುದು ಒಳ್ಳೆಯದು.

ಕಾರಿನ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು, ಜಾಸ್ತಿ ಹಣ ಹಾಕಿದ್ದು ಬ್ರೇಕಿಗೆ. ನನ್ನ ಮಟ್ಟಿಗೆ ಹೊಸಬರು ದುಡ್ಡು ಹಾಕಬೇಕಾದ ಜಾಗ ಇದೊಂದೇ. ಕಾರಣ ಬಿಸಿ. ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿಯುವುದು ಅಪರೂಪ. ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ ಹಿಡಿಯಬೇಕು, ನಡುವೆ ಆರಲು ಸಮಯ ಸಿಗುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆಗಳು. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಡಾಟ್ 3 ಆದರೆ ಹೊಸದಕ್ಕೆ 205, ತೇವ ಸೇರಿದ್ದಕ್ಕೆ 140. ಆಯಿಲ್ ಕುದ್ದರೆ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಮೊದಲು ಒಂದು ದೊಡ್ಡ ವರ್ಕ್‌ಶಾಪ್‌ಗೆ ಕೊಟ್ಟೆ. ಹೊಸ ಬ್ರೇಕ್ ಪ್ಯಾಡ್ ತರಿಸಿದರು, ಅದು ಬೇರೆ ವೇರಿಯಂಟ್‌ದು. ವಾಪಸ್ ಕಳಿಸಿ ಮತ್ತೆ ತರಿಸುವವರೆಗೆ ಗಾಡಿ ಅಲ್ಲೇ ನಿಂತಿತ್ತು. ದಿನಾಂಕ ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಗಾಡಿ ಬಿಡಿಸಿಕೊಂಡು ಬಂದು, ಪ್ಯಾಡ್ ನಾನೇ ಚಾಸಿ ನಂಬರ್ ಕೊಟ್ಟು ತರಿಸಿ, ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಬಿಡಿ ಭಾಗ ತರಿಸುವಾಗ ಯಾವಾಗಲೂ ಚಾಸಿ ನಂಬರ್ ಕೊಡಿ. ಮಾಡೆಲ್ ಹೆಸರು, ವರ್ಷ ಸಾಲದು.

ಆಯಿಲ್ ಬದಲಾಯಿಸುವಾಗ ನಾನು ಒಳಗೆ ಕೂತು ಪೆಡಲ್ ಒತ್ತುತ್ತಿದ್ದೆ, ಅಣ್ಣ ಚಕ್ರದ ಹತ್ತಿರ ಕೂತು ಹಳೆ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚುತ್ತಿದ್ದರು. ‘ಒತ್ತಿ... ಒತ್ತಿ... ಹಿಡ್ಕೊಳ್ಳಿ, ಬಿಡ್ಬೇಡಿ... ಹ್ಞಾಂ ಈಗ ಬಿಡಿ.’ ಪಾರದರ್ಶಕ ಪೈಪಿನಲ್ಲಿ ಮೊದಲು ಇಳಿದದ್ದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ಅದರ ಜೊತೆ ಸಣ್ಣ ಸಣ್ಣ ಗಾಳಿಗುಳ್ಳೆ. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ತಿಳಿ ಹಳದಿ ಬಣ್ಣ ಬಂತು. ಹಳೆಯದನ್ನು ಬಾಟಲಿಯಲ್ಲಿ ಎತ್ತಿ ತೋರಿಸಿ, ‘ಇದ್ರಲ್ಲಿ ಹೋಗಿದ್ರೆ ಎರಡೇ ಸುತ್ತು ನೋಡಿ ಸಾರ್’ ಅಂದರು. ಬಣ್ಣ ನೋಡಿಯೇ ಆಯಿಲ್ ಎಷ್ಟು ಹಳೆಯದು ಅಂತ ಹೇಳಲಾಗದು. ಎರಡು ವರ್ಷ ದಾಟಿದ್ದರೆ ಬಣ್ಣ ಹೇಗೇ ಇರಲಿ, ಬದಲಾಯಿಸಿ. ಬಾನೆಟ್ ಒಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಹಾಕಬೇಕು ಅಂತ ಬರೆದಿರುತ್ತದೆ. ಡಾಟ್ 5 ಅನ್ನುವುದು ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಲೇಬೇಡಿ.

ಹೊಸ ಪ್ಯಾಡ್ ಹಾಕಿದ ಕೂಡಲೇ ಟ್ರ್ಯಾಕ್‌ಗೆ ಹೋಗಬಾರದು. ಬೆಳಗಿನ ಜಾವ ಊರಾಚೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, 60ರಿಂದ 10ಕ್ಕೆ ಇಳಿಸುವುದು, ಮತ್ತೆ ವೇಗ ಹಿಡಿಯುವುದು, ಹೀಗೆ ಹಲವು ಸಲ ಮಾಡಿ ಪ್ಯಾಡ್ ಪಳಗಿಸಿದೆ. ಪೂರ್ತಿ ನಿಲ್ಲಿಸಬಾರದು. ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಿಸಬೇಕು.

ಟೈರ್ ಹೊಸದು ಹಾಕಲಿಲ್ಲ. ನೆಲಕ್ಕೆ ತಾಗುವ ಟ್ರೆಡ್ ಚೆನ್ನಾಗಿತ್ತು, ಬಿರುಕು ಇರಲಿಲ್ಲ. ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿಸಿದೆ. ಇದು ಪೋಲೋ ಲೆಕ್ಕ. ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಗಾಡಿ ಕೆಟ್ಟರೆ ಎಳೆಯಲು ಬಂಪರ್‌ಗೆ ಹಾಕುವ ಟೋ ಹುಕ್ ತೆಗೆದು ಒಂದು ಸಲ ತಿರುಗಿಸಿ ನೋಡಿ. ಪೋಲೋದ್ದು ಎಡಗಡೆಗೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್. ಗೊತ್ತಿಲ್ಲದವರು ಬಲಕ್ಕೆ ತಿರುಗಿಸಿ ಕೂರುತ್ತಿಲ್ಲ ಅಂತ ಒದ್ದಾಡುತ್ತಾರೆ.

ಹೊರಡುವ ದಿನ ನಂಜನಗೂಡು, ಚಾಮರಾಜನಗರ, ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲದ ದಾರಿ ಹಿಡಿದೆ. ಇದು ಹುಲಿ ಕಾಡಿನ ದಾರಿ, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಹಗಲಲ್ಲೇ ದಾಟುವ ಹಾಗೆ ಹೊರಡಿ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಇಳಿಯುವಾಗ ಎರಡನೇ ಗೇರ್, ಒಂದನೇ ಗೇರ್‌ನಲ್ಲೇ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಟ್ರ್ಯಾಕ್ ತಲುಪುವ ಮುಂಚೆಯೇ ಎಲ್ಲ ಬಿಸಿಯಾಗಿ ಕೂತಿರುತ್ತದೆ. ಲಾರಿಗಳು ತಿರುವಿನಲ್ಲಿ ಇಡೀ ರಸ್ತೆ ತೆಗೆದುಕೊಳ್ಳುತ್ತವೆ, ನಿಂತು ದಾರಿ ಬಿಡಬೇಕು. ಅವತ್ತು ರಾತ್ರಿ ಕೊಯಮತ್ತೂರಿನಲ್ಲಿ ಲಾಡ್ಜ್ ಮಾಡಿ ಬೇಗ ಮಲಗಿದೆ.

ಬೆಳಿಗ್ಗೆ ಆರೂವರೆಗೇ ಗೇಟ್ ಮುಂದೆ ಸಾಲು. ಮೊದಲ ಕೆಲಸ ಕಾರು ಖಾಲಿ ಮಾಡುವುದು. ಸ್ಟೆಪ್ನಿ, ಜಾಕ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಕಾಲ್ಕೆಳಗಿನ ಮ್ಯಾಟ್, ಎಲ್ಲ ಹೊರಗೆ. ಮ್ಯಾಟ್ ಜಾರಿ ಪೆಡಲ್ ಅಡಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ತೆಗೆದದ್ದನ್ನೆಲ್ಲ ಇಡಲು ಒಂದು ಟಾರ್ಪಲಿನ್ ತನ್ನಿ, ನಾನು ತಂದಿದ್ದೆ, ಬಹಳ ಉಪಯೋಗವಾಯಿತು. ನಂಬರ್ ಸ್ಟಿಕ್ಕರ್ ಎರಡೂ ಬಾಗಿಲಿಗೆ ಅಂಟಿಸಬೇಕು. ಹೆಡ್‌ಲೈಟ್ ಮೇಲೆ ಟೇಪ್ ಹಾಕಿಸಿದರು, ಒಡೆದರೆ ಚೂರು ಟ್ರ್ಯಾಕ್ ಮೇಲೆ ಬೀಳದಿರಲಿ ಅಂತ.

ಆಮೇಲೆ ತಪಾಸಣೆ. ಬಾನೆಟ್ ತೆಗೆಸಿದರು. ಬ್ಯಾಟರಿ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು. ಕ್ಲಾಂಪ್ ಬೋಲ್ಟ್ ಸಡಿಲವಾಗಿತ್ತು. ಹಿಂದೆ ಬ್ಯಾಟರಿ ಬದಲಾಯಿಸಿದ ಅಂಗಡಿಯವರು ಅದನ್ನು ಅರ್ಧಕ್ಕೇ ಬಿಗಿ ಮಾಡಿ ಬಿಟ್ಟಿದ್ದರು. ‘ಸರಿ ಮಾಡ್ಕೊಂಡು ಬನ್ನಿ’ ಅಂತ ಸಾಲಿನಿಂದ ಹೊರಗೆ ಕಳಿಸಿದರು. ಆ ಕ್ಷಣದಲ್ಲಿ ಎದೆ ಝಲ್ ಅಂದಿದ್ದು ನಿಜ. ಪಕ್ಕದ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗದಲ್ಲಿದ್ದ ತಮಿಳು ಹುಡುಗ ನಾನು ಕೇಳುವ ಮುಂಚೆಯೇ ಎಕ್ಸ್‌ಟೆನ್ಷನ್ ಇರುವ ಪಾನಾ ತಂದು ಕೊಟ್ಟ. ಬಿಗಿ ಮಾಡಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತು ಪಾಸಾದೆ. ಮನೆಯಲ್ಲೇ ಬ್ಯಾಟರಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಆಯಿಲ್ ಸೋರಿಕೆ, ಸೀಟ್ ಬೆಲ್ಟ್, ಟೈರು, ಬ್ರೇಕ್ ಲೈಟ್, ಇಷ್ಟನ್ನೂ ನೋಡುತ್ತಾರೆ. ಮೈ ಮುಚ್ಚುವ ಹತ್ತಿ ಬಟ್ಟೆ, ಪೂರ್ತಿ ತೋಳಿನ ಅಂಗಿ, ಲೇಸ್ ಇರುವ ಶೂ ಕಡ್ಡಾಯ. ಶೂ ತಳ ತೆಳ್ಳಗಿದ್ದರೆ ಪೆಡಲ್ ಚೆನ್ನಾಗಿ ತಿಳಿಯುತ್ತದೆ.

ಬ್ರೀಫಿಂಗ್‌ನಲ್ಲಿ ಬಾವುಟ ಒಂದೊಂದಾಗಿ ತೋರಿಸಿದರು. ಹಳದಿ ಅಂದರೆ ಮುಂದೆ ಅಪಾಯ, ನಿಧಾನ ಮಾಡಿ, ಓವರ್‌ಟೇಕ್ ಬೇಡ. ಹಳದಿಯಲ್ಲಿ ಕೆಂಪು ಪಟ್ಟೆ ಅಂದರೆ ನೆಲ ಜಾರುತ್ತದೆ. ನೀಲಿ ಅಂದರೆ ಹಿಂದೆ ವೇಗದ ಗಾಡಿ ಇದೆ. ಕಪ್ಪಿನ ಮೇಲೆ ಕಿತ್ತಳೆ ಚುಕ್ಕೆ ನಿಮ್ಮ ನಂಬರ್ ಜೊತೆ ಕಂಡರೆ ಗಾಡಿಯಲ್ಲಿ ತೊಂದರೆ ಇದೆ, ಒಳಗೆ ಬನ್ನಿ. ಕೆಂಪು ಅಂದರೆ ಆಟ ನಿಂತಿತು, ನಿಧಾನವಾಗಿ ಪಿಟ್‌ಗೆ. ನೇರ ದಾರಿಯಲ್ಲಿ ಮಾತ್ರ, ಮುಂದಿನವರು ಕೈ ತೋರಿಸಿದರೆ ಮಾತ್ರ ಓವರ್‌ಟೇಕ್. ಇವನ್ನು ಹಿಂದಿನ ದಿನವೇ ಕಲಿತುಕೊಂಡು ಹೋಗಿ. ಹೆಲ್ಮೆಟ್ ಒಳಗೆ ಕೂತಾಗ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ.

ಮೊದಲ ಸರದಿಗೆ ಪಕ್ಕದಲ್ಲಿ ಒಬ್ಬ ಅನುಭವಿ ಕೂತರು. ನನ್ನ ಕೈ ಬೆವೆತಿತ್ತು. ‘ಬಾನೆಟ್ ನೋಡಬೇಡಿ, ಮುಂದಿನ ತಿರುವು ನೋಡಿ’ ಅಂತ ಅವರು ಹೇಳುತ್ತಲೇ ಇದ್ದರು. ಕೆಲವು ಸುತ್ತು ಆದ ಮೇಲೆ ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನೋದು ಕಾಲಿಗೇ ಗೊತ್ತಾಯಿತು. ಆಗ ಬಂದ ಸಂತೋಷವನ್ನು ಹೇಗೆ ಹೇಳಲಿ! ಹೆಲ್ಮೆಟ್ ಒಳಗೆ ಒಬ್ಬನೇ ಜೋರಾಗಿ ನಗುತ್ತಿದ್ದೆ.

ಹೋಗುವ ಮುಂಚೆ ಟೈರಿನ ಅಂಚಿನಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ವಾಪಸ್ ಬಂದು ಬಗ್ಗಿ ನೋಡಿದರೆ ಮುಂದಿನ ಟೈರುಗಳಲ್ಲಿ ಗೆರೆ ಪಕ್ಕದ ಗೋಡೆಯ ಮೇಲ್ಭಾಗದವರೆಗೂ ಅಳಿಸಿತ್ತು. ಅಂದರೆ ತಿರುವಿನಲ್ಲಿ ಟೈರು ಅಷ್ಟು ಮಗುಚುತ್ತಿದೆ. 32 ಪಿಎಸ್‌ಐ ಹಾಕಿ ಹೋಗಿದ್ದು ಬಿಸಿಗೆ 37 ಆಗಿತ್ತು. ಎಷ್ಟು ಇಳಿಸಬೇಕು, ಬಿಡಬೇಕು ಅನ್ನೋದನ್ನು ಆ ಗೆರೆ ನೋಡಿ ನಿರ್ಧಾರ ಮಾಡಿ. ಒಳ್ಳೆಯ ಪ್ರೆಶರ್ ಗೇಜ್, ಗಾಳಿ ತುಂಬುವ ಪಂಪು ಜೊತೆಗಿರಲಿ. ಊರಿಗೆ ಹೊರಡುವ ಮುಂಚೆ ಟೈರ್ ಆರಿದ ಮೇಲೆ ಗಾಳಿ ಸರಿ ಮಾಡಿಕೊಳ್ಳಲು ಮರೆಯಬೇಡಿ.

ಪ್ರತಿ ಸರದಿಯ ಕೊನೆ ಸುತ್ತು ನಿಧಾನ, ಬ್ರೇಕ್ ಹೆಚ್ಚು ಮುಟ್ಟದೆ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಗುಂಪಿನಲ್ಲೇ ಒಬ್ಬರಿಗೆ ಎರಡನೇ ಸರದಿಯಲ್ಲಿ ಪೆಡಲ್ ಮೆತ್ತಗಾಗಿ, ಅವರು ಗಾಡಿ ಒಳಗೆ ತಂದು ದಿನವಿಡೀ ಸುಮ್ಮನೆ ಕೂರಬೇಕಾಯಿತು. ನನ್ನ ಪೆಡಲ್ ಸಂಜೆವರೆಗೂ ಬೆಳಗ್ಗಿನ ಹಾಗೆಯೇ ಇತ್ತು. ಪೆಟ್ರೋಲ್ ಮಾತ್ರ ರಸ್ತೆಯಲ್ಲಿ ಕುಡಿಯುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಕುಡಿಯಿತು. ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ, ಕ್ಯಾನ್‌ನಲ್ಲಿ ತರುವ ಯೋಚನೆ ಬೇಡ.

ಖರ್ಚಿನ ಲೆಕ್ಕ. ಪ್ರವೇಶ ಶುಲ್ಕ ಸುಮಾರು 9,000 ರೂಪಾಯಿ. ಬ್ರೇಕ್ ಪ್ಯಾಡ್, ಆಯಿಲ್, ಕೂಲಿ ಸೇರಿ 5,500ರ ಆಸುಪಾಸು. ಹೆಲ್ಮೆಟ್ 3,500. ಡಾಕ್ಟರ್‌ಗಳು, ಸ್ಟಾಂಪ್, ನೋಟರಿ ಎಲ್ಲ ಸೇರಿ 1,500. ಪೆಟ್ರೋಲ್‌ಗೆ 6,000ಕ್ಕೂ ಮೇಲೆ. ಲಾಡ್ಜ್, ಊಟ 3,000. ಒಟ್ಟು 28,000 ದಾಟಿತು. ಹೆಲ್ಮೆಟ್ ಮುಂದಿನ ಸಲಕ್ಕೂ ಆಗುತ್ತದೆ. ಹಾನಿಗೆ ಅಂತ ಬೇರೆ ಇಟ್ಟಿದ್ದ ದುಡ್ಡು ಮುಟ್ಟಬೇಕಾಗಲಿಲ್ಲ, ಅದು ಹಾಗೆಯೇ ಇದೆ.

ಊರಿಗೆ ಬಂದ ಮೇಲೆ ಮತ್ತೆ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋಗಿ ಚಕ್ರ ಬಿಚ್ಚಿಸಿದೆ. ಮುಂದಿನ ಪ್ಯಾಡ್ ಕಾಲು ಭಾಗ ಸವೆದಿದೆ. ಬಲಗಡೆ ಮುಂದಿನ ಟೈರಿನ ಹೊರ ಅಂಚು ಒರಟಾಗಿದೆ, ಇನ್ನೂ ಕೆಲವು ತಿಂಗಳು ನಡೆಯುತ್ತದೆ. ಎಂಜಿನ್ ಆಯಿಲ್ ಬದಲಾಯಿಸಿ, ಬೋಲ್ಟ್ ಮತ್ತೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ನೋಡಿಸಿದೆ. ಫಿಟ್‌ನೆಸ್ ಫಾರಂ, ಒಪ್ಪಿಗೆ ಪತ್ರ, ಬಾಂಡ್ ಮೂರೂ ಆ ದಿನಾಂಕಕ್ಕೆ ಮಾತ್ರ ಸೀಮಿತ. ಮುಂದಿನ ಸಲಕ್ಕೆ ಮತ್ತೆ ಹೊಸದಾಗಿಯೇ ಮಾಡಿಸಬೇಕು, ಹಳೆಯದನ್ನು ಕಳಿಸಿದರೆ ತೆಗೆದುಕೊಳ್ಳುವುದಿಲ್ಲ.